ಸಾಹೇಬರಿಗೆ ಕನ್ನಡ ಬರುವುದಿಲ್ಲ

ನನ್ನ ಶಾಲೆಯ ಕಪಾಟಿನ ಕೆಳಗಿನ ಖಾನೆಯಲ್ಲಿ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇದೆ. ಓದಲು ಕಷ್ಟಪಡುವ ಮಕ್ಕಳಿಗೆಂದು ಮೇಲಿನ ಕಚೇರಿಯಿಂದ ಕಳಿಸಿದ್ದು. ಬಣ್ಣದ ಅಕ್ಷರದ ಕಾರ್ಡು, ಬೆರಳಾಡಿಸಲು ಒರಟು ಕಾಗದದಲ್ಲಿ ಕತ್ತರಿಸಿದ ಅಕ್ಷರ, ಚಿತ್ರದ ಪಟ್ಟಿ, ಎಲ್ಲವೂ ಇವೆ. ಎಲ್ಲವೂ ಮರಾಠಿಯಲ್ಲಿವೆ. ನಮ್ಮದು ಕನ್ನಡ ಶಾಲೆ. ಫೋನು ಮಾಡಿ ಕೇಳಿದರೆ ಆ ಕಡೆಯ ಕಾರಕೂನ, ಕನ್ನಡದ್ದು ಆಮೇಲೆ ಬರುತ್ತದೆ, ಸದ್ಯಕ್ಕೆ ಇದನ್ನೇ ಬಳಸಿ ಎಂದ. ಸದ್ಯಕ್ಕೆ ಎಂದರೆ ಎಷ್ಟು ದಿನ ಎಂದೆ. ಅವನಿಗೆ ಸಿಟ್ಟು ಬಂತು. ತಿಂಗಳ ಕೊನೆಗೆ ಒಂದು ಫಾರ್ಮು ಬಂತು: ಸಾಮಗ್ರಿ ಬಳಸಲಾಯಿತೇ, ಹೌದು ಅಥವಾ ಇಲ್ಲ. ಇಲ್ಲ ಎಂದು ಬರೆದರೆ ಕಾರಣಕ್ಕೆ ಇನ್ನೊಂದು ಪುಟ ತುಂಬಬೇಕು. ಹೌದು ಎಂದು ಬರೆದು ಸಹಿ ಹಾಕಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ನಾನು ಎಲ್ಲರ ಮೇಲೂ ಹರಿಹಾಯುವವಳಿದ್ದೇನೆ.

ಗಡಿಗೆ ಹತ್ತಿಕೊಂಡಿದ್ದರೂ ಮರಾಠಿ ರಾಜ್ಯಕ್ಕೆ ಸೇರಿದ ಜತ್ತ ತಾಲೂಕಿನ ಪೂರ್ವಕ್ಕೆ, ಸಂಖ ದಾಟಿ ಜೀಪಿನಲ್ಲಿ ಸ್ವಲ್ಪ ಹೊತ್ತು ಕುಲುಕಾಡಿದರೆ ನಮ್ಮ ಊರು ಬರುತ್ತದೆ. ಶಾಲೆಗೆ ಎರಡು ಕೋಣೆ, ಇಬ್ಬರು ಶಿಕ್ಷಕರು. ಒಂದು ಎರಡನೆಯ ತರಗತಿ ಹೆಡ್‌ಮಾಸ್ತರರಿಗೆ, ಮೂರು ನಾಲ್ಕು ನನಗೆ. ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತವೆ, ಅಂಗಡಿಯಲ್ಲಿ ಎರಡೂ, ಎಸ್‌ಟಿ ಬಸ್ಸು ಹತ್ತಿದ ಮೇಲೆ ಮರಾಠಿ. ಅದರಲ್ಲಿ ಅವಕ್ಕೇನೂ ತೊಂದರೆಯಿಲ್ಲ. ತೊಂದರೆ ನಮಗೆ. ಪಾಠ ಕನ್ನಡದಲ್ಲಿ ಹೇಳಬೇಕು, ಪಾಠ ಹೇಳಿದೆವೆಂಬ ವರದಿಯನ್ನು ಮರಾಠಿಯಲ್ಲಿ ಬರೆಯಬೇಕು. ಹಾಜರಿ, ಊಟದ ಅಕ್ಕಿ, ಮಕ್ಕಳ ತೂಕ, ಮಕ್ಕಳ ಬುದ್ಧಿ, ಎಲ್ಲದಕ್ಕೂ ಮರಾಠಿಯ ಬೇರೆ ಬೇರೆ ಫಾರ್ಮು.

ಇದರಲ್ಲಿ ನಮಗೊಂದು ಅನುಕೂಲವೂ ಇತ್ತು. ವರ್ಷದಲ್ಲಿ ಎರಡು ಸಲ ಮಕ್ಕಳ ಓದನ್ನು ಪರೀಕ್ಷಿಸಲು ಒಬ್ಬ ಸಾಹೇಬರು ಬರುತ್ತಾರೆ. ಸಾಹೇಬರು ಬದಲಾಗುತ್ತಿರುತ್ತಾರೆ, ಆದರೆ ಬಂದವರೆಲ್ಲ ಪಶ್ಚಿಮದ ಕಡೆಯವರು, ಕನ್ನಡದ ಒಂದಕ್ಷರ ಗೊತ್ತಿಲ್ಲದವರು. ಹಾಗಾದರೆ ಪರೀಕ್ಷೆ ಹೇಗೆ? ಮಗು ಎದ್ದು ನಿಲ್ಲುತ್ತದೆ, ಪುಸ್ತಕ ತೆರೆಯುತ್ತದೆ, ಓದುತ್ತದೆ. ಸಾಹೇಬರು ಕಣ್ಣು ಮುಚ್ಚಿ ಕೇಳುತ್ತಾರೆ. ದನಿ ನಿಲ್ಲದೆ ಹೋದರೆ ‘ಪರಿಚ್ಛೇದ ಓದುತ್ತದೆ’ ಎಂಬ ಖಾನೆಯಲ್ಲಿ ಗುರುತು. ಒಂದೆರಡು ಕಡೆ ನಿಂತರೆ ‘ಶಬ್ದ ಓದುತ್ತದೆ’. ನಿಂತೇಬಿಟ್ಟರೆ ‘ಅಕ್ಷರ’. ಓಟ ನೋಡಿ ಅಂಕ ಹಾಕುತ್ತಾರೆ ಅಂತ ನಮಗೆಲ್ಲ ಗೊತ್ತು. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ.

ಅದಕ್ಕೇ ಸಾಹೇಬರು ಬರುವ ವಾರ ನಮ್ಮ ಕೋಣೆಯಲ್ಲಿ ಬೇರೆ ಪಾಠವೇ ಇರುತ್ತಿರಲಿಲ್ಲ. ಒಂದೊಂದು ಮಗುವಿಗೆ ಒಂದೊಂದು ಪಾಠ ಗೊತ್ತು ಮಾಡಿ ಅದನ್ನೇ ಹತ್ತಾರು ಸಲ ಓದಿಸುತ್ತಿದ್ದೆ. ಅಷ್ಟಾದರೂ ತಡವರಿಸುವ ಮಕ್ಕಳಿಗೆ ನಾನೇ ಹೇಳುತ್ತಿದ್ದೆ: “ಎಡವಿದ್ರೂ ನಿಂದ್ರಬ್ಯಾಡ. ಬಾಯಿಗೆ ಬಂದದ್ದ ಹೇಳಿ ಮುಂದ ಹೋಗು. ಸಾಹೇಬ್ರಿಗೆ ಕನ್ನಡ ಬರೂದಿಲ್ಲ.” ಇದನ್ನು ನಗುತ್ತ ಹೇಳುತ್ತಿದ್ದೆ, ಮಕ್ಕಳೂ ನಗುತ್ತಿದ್ದವು. ಮಕ್ಕಳಿಗೆ ಧೈರ್ಯ ಬರಲಿ ಎಂದು ಹೇಳುತ್ತಿದ್ದೇನೆಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ನಿಜವೆಂದರೆ, ನಿಂತ ಮಗುವಿಗೊಂದು ಹೆಚ್ಚಿನ ಫಾರ್ಮು, ಹೆಚ್ಚಿನ ತರಗತಿ, ಹೆಚ್ಚಿನ ವರದಿ. ಎರಡು ತರಗತಿಯನ್ನು ಒಂದೇ ಕೋಣೆಯಲ್ಲಿ ಹಿಡಿದಿಡುವ ಹೆಂಗಸಿಗೆ ಅಷ್ಟೆಲ್ಲ ಎಲ್ಲಿಂದ ಸಾಧ್ಯ?

ಆ ಹುಡುಗಿ ಮೂರನೆಯ ತರಗತಿಗೆ ನನ್ನ ಕೋಣೆಗೆ ಬಂದಳು. ಕುರಿ ಕಾಯುವ ಮನೆತನ. ಅಪ್ಪ ಅವ್ವ ಕುರಿ ಹೊಡೆದುಕೊಂಡು ವರ್ಷದ ಅರ್ಧ ನದಿಯ ಕಡೆ ಹೋಗುತ್ತಾರೆ, ಇವಳು ಅಜ್ಜಿಯ ಹತ್ತಿರ ಇರುತ್ತಾಳೆ. ಬಾಯಿ ಎಂದರೆ ಬಾಯಿ. ಒಂದು ಸಲ ಕೇಳಿದ್ದನ್ನು ಬಿಡುವುದಿಲ್ಲ. ಲೆಕ್ಕ ಬಾಯಲ್ಲೇ ಮಾಡುತ್ತಾಳೆ, ಹಾಡಿಗೆ ಅವಳೇ ಮುಂದೆ. ಬರವಣಿಗೆ ಮಾತ್ರ ಕಾಗೆ ಕಾಲು, ಅರ್ಧ ಅಕ್ಷರ ಸಾಲಿನ ಮೇಲೆ, ಅರ್ಧ ಕೆಳಗೆ. ನಾನು ಸೋಮಾರಿತನವೆಂದು ಬಯ್ದೆ, ಕಿವಿ ಹಿಂಡಿದೆ, ಒಂದೇ ಸಾಲನ್ನು ಮತ್ತೆ ಮತ್ತೆ ಬರೆಸಿದೆ. ಓದಿನಲ್ಲಿ ಅವಳಿಗೆ ತೊಂದರೆ ಇದೆಯೆಂಬ ಯೋಚನೆ ನನ್ನ ತಲೆಗೆ ಬರಲೇ ಇಲ್ಲ. ಯಾಕೆ ಬರಬೇಕು? ಸಾಹೇಬರು ಬಂದ ದಿನ ಎಲ್ಲರಿಗಿಂತ ಚೆನ್ನಾಗಿ ಓದಿದವಳೇ ಅವಳು. ಬೆರಳು ಸಾಲಿನ ಮೇಲೆ ಜಾರುತ್ತ ಹೋಯಿತು, ದನಿ ಏರಿತು, ಇಳಿಯಿತು, ಪ್ರಶ್ನೆ ಬಂದಲ್ಲಿ ಪ್ರಶ್ನೆಯ ಹಾಗೆ ಕೇಳಿತು. ಸಾಹೇಬರು “ಛಾನ್! ಛಾನ್!” ಎಂದು ಮೇಜು ಕುಟ್ಟಿದರು. ನಾನೂ ಬೀಗಿದೆ.

ಮನೆಯಲ್ಲಿ ಅಜ್ಜಿ ಇನ್ನೂ ಹೆಚ್ಚು ಬೀಗುತ್ತಿದ್ದಳು. ಯಾರಾದರೂ ಬಂದರೆ ಕೈಗೆ ಸಿಕ್ಕ ಕಾಗದ ಕೊಟ್ಟು ಓದಿಸುವಳು. ಅಜ್ಜಿಗೆ ಓದು ಬರುವುದಿಲ್ಲ. ಅಪ್ಪ ನಾಲ್ಕರವರೆಗೆ ಕಲಿತದ್ದು ಮರಾಠಿ ಶಾಲೆಯಲ್ಲಿ. ಹಟ್ಟಿಯವರ ಮುಂದೆ ಅವನು ಒಂದು ಮಾತು ಹೇಳಿದ್ದ, ಅದನ್ನು ಅಜ್ಜಿ ನನಗೆ ಹೇಳಿದ್ದಳು: “ಪೋರಿ ಓದೂ ತನಕ ಓದಲಿ. ಓದಾಕ ಬರಲಿಲ್ಲಂದ್ರ ಕುರಿ ಅದಾವ.” ನಮ್ಮಲ್ಲಿ ನಾಲ್ಕಕ್ಕೆ ಶಾಲೆ ಮುಗಿಯುತ್ತದೆ. ಐದಕ್ಕೆ ಸಂಖಕ್ಕೆ ಹೋಗಬೇಕು. ಹುಡುಗಿಗೆ ಆಗಲೇ ಅದರದೇ ಧ್ಯಾನ. ಜೀಪಿನಲ್ಲಿ ಹೋಗುವುದೋ ಬಸ್ಸಿನಲ್ಲೋ ಎಂದು ದಿನಾ ನನ್ನ ತಲೆ ತಿನ್ನುತ್ತಿದ್ದಳು.

ನಾಲ್ಕನೆಯ ತರಗತಿಯ ಮೊದಲ ತಿಂಗಳಲ್ಲಿ ಒಂದು ಮಧ್ಯಾಹ್ನ ಆ ಅಜ್ಜಿ ಕೈಯಲ್ಲಿ ಬಟ್ಟೆಯ ಚೀಲ ಹಿಡಿದುಕೊಂಡು ನೇರ ತರಗತಿಯೊಳಕ್ಕೆ ಬಂದಳು. ಮೈಯೆಲ್ಲ ಧೂಳು.

“ಬಾಯಾರ, ನೀವು ಸಾಲ್ಯಾಗ ಏನ್ ಕಲಸ್ತೀರಿ ಹೇಳ್ರಿ ನನಗ.”

ಕುಂದ್ರಿ ಎಂದೆ. ಕೂಡಲಿಲ್ಲ. ಸೊರಡಿಯಲ್ಲಿ ಅವಳ ತವರಿನ ಕಡೆಯ ಮದುವೆ. ಕಾರ್ಡು ಬಂದಿತ್ತು, ಕನ್ನಡದಲ್ಲೇ ಇತ್ತು. ಮೊಮ್ಮಗಳು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದಳು: ಕುಲದೇವರ ಕೃಪೆ, ಗುರುಹಿರಿಯರ ಆಶೀರ್ವಾದ, ಚಿರಂಜೀವಿ ಯಾರು, ಸೌಭಾಗ್ಯವತಿ ಯಾರು, ಗುರುವಾರ ಅಕ್ಷತೆ. ಅಜ್ಜಿ ಗುರುವಾರ ಬೆಳಿಗ್ಗೆ ಸೀರೆ, ಕುಪ್ಪಸದ ಕಣ ಕಟ್ಟಿಕೊಂಡು ಬಸ್ಸು ಹತ್ತಿ, ಜೀಪು ಬದಲಿಸಿ ಸೊರಡಿಗೆ ಹೋದರೆ ಅಲ್ಲಿ ಹಂದರ ಬಿಚ್ಚಿ ಎರಡು ದಿನವಾಗಿತ್ತು. ಮದುವೆ ಸೋಮವಾರವೇ ಆಗಿಹೋಗಿತ್ತು.

“ಉಳದ ಬುಂದಿ ಕೊಟ್ಟು ಕಳಿಸಿದ್ರು. ಮಂದಿ ನಕ್ಕರು. ಮುದುಕಿಗಿ ಅರಳುಮರಳು ಅಂದ್ರು. ನನ್ನ ಮೊಮ್ಮಗಳು ಓದಿ ಹೇಳ್ಯಾಳ ಅಂದೆ, ಇನ್ನಷ್ಟ ನಕ್ಕರು!”

ನಾನೂ ನಕ್ಕೆ. ನಗುತ್ತಲೇ ಅವಳ ಕೈಯಿಂದ ಕಾರ್ಡು ತೆಗೆದುಕೊಂಡು ನೋಡಿದೆ. ಸೋಮವಾರ ಎಂದು ದಪ್ಪ ಅಕ್ಷರದಲ್ಲಿ, ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು. ಚಾಳೀಸು ಹಾಕದೆಯೂ ಓದಬಹುದಿತ್ತು. ಹುಡುಗಿಯನ್ನು ನೋಡಿದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ನನ್ನ ನಗು ನಿಂತಿತು.

ಅಜ್ಜಿಯನ್ನು ಹೇಗೋ ಸಮಾಧಾನ ಮಾಡಿ ಕಳಿಸಿದೆ. ಶಾಲೆ ಬಿಟ್ಟ ಮೇಲೆ ಹುಡುಗಿಯನ್ನು ಕೂಡಿಸಿಕೊಂಡು, ಎಂದೂ ಓದಿಸದ ಒಂದು ಹಾಳೆ ಕೊಟ್ಟೆ. ಓದು ಎಂದೆ. ಅವಳು ಹಾಳೆಯನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. ನಾನು ಒಂದು ಶಬ್ದದ ಮೇಲೆ ಬೆರಳಿಟ್ಟೆ. “ಮನಿ” ಎಂದಳು. ಅಲ್ಲ. “ಮಳಿ?” ಅಲ್ಲ. “ಮರ?” ಹೀಗೆ ನನ್ನ ಹುಬ್ಬು ನೋಡಿಕೊಂಡು ಒಂದೊಂದೇ ಊಹಿಸುತ್ತ ಹೋದಳು. ಅವಳು ಹಿಡಿದದ್ದು ಒಂದೇ ಅಕ್ಷರ, ಮಿಕ್ಕಿದ್ದೆಲ್ಲ ಅಂದಾಜು. ಮುಂದಿನ ಸಾಲಿನಲ್ಲಿ ಆ ಒಂದು ಅಕ್ಷರವೂ ಅವಳಿಗೆ ಗುರುತು ಸಿಗಲಿಲ್ಲ.

ಮೈಯೆಲ್ಲ ಉರಿಯಿತು. ಒಂದು ವರ್ಷ ನನ್ನ ಮುಂದೆ ಕೂತು ನನಗೇ ಟೋಪಿ ಹಾಕಿದಳಲ್ಲ ಎಂದು ಬಾಯಿಗೆ ಬಂದಂತೆ ಬಯ್ದೆ. ಅವಳು ಅಳಲಿಲ್ಲ. ಚೀಲ ಹೆಗಲಿಗೇರಿಸಿ, ಹೋಗಲೇನ್ರಿ ಎಂದು ಕೇಳಿ ಹೋದಳು. ಮನೆಗೆ ಬಂದು ಜೋಳದ ಹಿಟ್ಟು ನಾದುವಾಗ ಸಿಟ್ಟು ಇಳಿಯಿತು, ಅದರ ಜಾಗದಲ್ಲಿ ನಾಚಿಕೆ ಬಂತು. ಅವಳ ಓದನ್ನು ಕೇಳಿದವರು ಯಾರ್ಯಾರು? ಅಜ್ಜಿ, ಅಪ್ಪ, ಸಾಹೇಬರು. ಕನ್ನಡ ಓದಲು ಬಲ್ಲವಳು ನಾನೊಬ್ಬಳೇ. ಅವಳು ಓದುವಾಗ ನಾನೂ ಸಾಹೇಬರ ಮುಖವನ್ನೇ ನೋಡುತ್ತ ನಿಂತಿದ್ದೆ.

ಆಮೇಲೆ ಶುರುವಾಯಿತು ನನ್ನ ಪರದಾಟ. ಇಂಥ ಮಕ್ಕಳ ಬಗ್ಗೆ ನಮಗೆ ಮೂರು ದಿನದ ತರಬೇತಿ ಕೊಟ್ಟಿದ್ದರು. ಎರಡು ದಿನ ಹಾಜರಿ ಆ್ಯಪು ತುಂಬುವುದರಲ್ಲಿ ಹೋಗಿತ್ತು. ಮೂರನೆಯ ದಿನ ಒಬ್ಬ ಶಿಕ್ಷಕಿ ಬಂದು ಚೆನ್ನಾಗಿಯೇ ಹೇಳಿದ್ದರು: ಕೆಲವು ಮಕ್ಕಳಿಗೆ ಬುದ್ಧಿ ಚುರುಕಾಗಿಯೇ ಇರುತ್ತದೆ, ಕಣ್ಣು ಕಿವಿಯೂ ನೆಟ್ಟಗಿರುತ್ತವೆ, ಆದರೆ ಅಕ್ಷರ ಮಾತ್ರ ತಲೆಯಲ್ಲಿ ನಿಲ್ಲುವುದಿಲ್ಲ. ಅವರನ್ನು ಬಯ್ಯಬಾರದು, ಬೇರೆ ದಾರಿಯಿಂದ ಕಲಿಸಬೇಕು. ನಾನು ಅದನ್ನೆಲ್ಲ ವಹಿಯಲ್ಲಿ ಬರೆದುಕೊಂಡು, ವಹಿಯನ್ನು ಕಪಾಟಿನಲ್ಲಿಟ್ಟು, ಬಂದು ಈ ಹುಡುಗಿಯ ಕಿವಿ ಹಿಂಡಿದ್ದೆ.

ವಹಿ ಹೊರಗೆ ತೆಗೆದೆ. ಊಟದ ತಾಟಿನಲ್ಲಿ ಜೋಳ ಹರವಿ ಬೆರಳಿನಿಂದ ಅಕ್ಷರ ಬರೆಸಿದೆ. ಹಳೆಯ ವಹಿಯ ರಟ್ಟು ಕತ್ತರಿಸಿ ನಡುವೆ ಕಿಂಡಿ ಮಾಡಿ, ಒಂದು ಸಲಕ್ಕೆ ಒಂದೇ ಶಬ್ದ ಕಾಣುವ ಹಾಗೆ ಮಾಡಿದೆ. ಶಾಲೆ ಬಿಟ್ಟ ಮೇಲೆ ದಿನಾ ಅರ್ಧ ತಾಸು. ಇದನ್ನು ಬರೆದಷ್ಟು ಸುಲಭವಾಗಿ ಅದು ನಡೆಯಲಿಲ್ಲ. ಸೋಮವಾರ ಬಂದ ಅಕ್ಷರ ಮಂಗಳವಾರಕ್ಕೆ ಮಾಯ. ‘ಪ’ ಕಲಿತರೆ ‘ಷ’ ಹೋಯಿತು, ‘ಷ’ ಹಿಡಿದರೆ ‘ಪ’ ಕೈಬಿಟ್ಟಿತು. ನನಗೆ ತಾಳ್ಮೆ ಕಡಿಮೆ, ನನ್ನ ಗಂಡನನ್ನು ಕೇಳಿದರೂ ಹೇಳುತ್ತಾನೆ. ಎಷ್ಟೋ ದಿನ ಎದ್ದು ಹೊರಗೆ ಹೋಗಿ ಬೋರಿನ ಕಟ್ಟೆಯ ಮೇಲೆ ನಿಂತು ಉಸಿರು ಬಿಟ್ಟು ಒಳಗೆ ಬರುತ್ತಿದ್ದೆ. ಅಷ್ಟರಲ್ಲಿ ಅವಳು ತಾಟಿನ ಜೋಳವನ್ನು ಗುಬ್ಬಿಗಳಿಗೆ ಹಾಕಿರುತ್ತಿದ್ದಳು.

ನಾನೊಬ್ಬಳೇ ಮಾಡುವ ಕೆಲಸ ಇದಲ್ಲವೆಂದು ಗೊತ್ತಾಯಿತು. ಇಂಥ ಮಕ್ಕಳಿಗೆಂದೇ ಊರೂರು ಸುತ್ತುವ ವಿಶೇಷ ಶಿಕ್ಷಕರೊಬ್ಬರಿದ್ದಾರೆ. ಉಟಗಿ ಕಡೆಯವರು, ಕನ್ನಡ ಬಲ್ಲವರು. ಮೋಟರ್‌ಸೈಕಲ್ಲಿನಲ್ಲಿ ಬಂದರು. ಹುಡುಗಿಯ ಜೊತೆ ಒಂದು ತಾಸು ಕೂತು, ಹೊರಗೆ ಬಂದು, ನಿಮ್ಮ ಅಂದಾಜು ಸರಿ ಎಂದರು. ಪಟ್ಟಿಯಲ್ಲಿ ಹೆಸರು ಸೇರಿದರೆ ವಾರಕ್ಕೊಮ್ಮೆ ತಾವು ಬಂದು ಕಲಿಸಬಹುದು, ಪರೀಕ್ಷೆಯಲ್ಲಿ ಹೆಚ್ಚು ಸಮಯ ಸಿಗುತ್ತದೆ, ಪ್ರಶ್ನೆಯನ್ನು ಓದಿ ಹೇಳುವವರು ಸಿಗುತ್ತಾರೆ, ಸಂಖದ ಶಾಲೆಗೆ ಹೋದ ಮೇಲೂ ಇದೆಲ್ಲ ಮುಂದುವರಿಯುತ್ತದೆ ಎಂದರು. ನನಗೆ ಅರ್ಧ ಭಾರ ಇಳಿದಂತಾಯಿತು. ಅವರು ಮೊಬೈಲು ತೆಗೆದು ಏನೋ ನೋಡಿ ತಲೆ ಕೆರೆದುಕೊಂಡರು.

“ಬಾಯಾರ, ಈಕಿ ಓದು ಎರಡು ಸಲ ‘ಪರಿಚ್ಛೇದ’ ಅಂತ ಬಿದ್ದದಲ್ರಿ. ಸಾಲಿ ಒಳಗ ಎಲ್ಲಾರಿಗಿಂತ ಮ್ಯಾಲ ಅದಾಳ. ಈಕಿಗಿ ಓದಾಕ ಬರೂದಿಲ್ಲ ಅಂತ ಹ್ಯಾಂಗ ಬರೀಲಿ?”

ಹಳೆಯ ನೋಂದಣಿ ತಪ್ಪೆಂದು ಶಾಲೆಯೇ ಬರೆದುಕೊಡಬೇಕು, ಸಾಹೇಬರು ಬಂದು ಪಾಲಕರ ಎದುರು ಮತ್ತೆ ಓದಿಸಿ ನೋಡಬೇಕು. ಅದೊಂದೇ ದಾರಿ. ಇಲ್ಲವಾದರೆ ಈ ಹುಡುಗಿ ಸಂಖದ ಶಾಲೆಗೆ ‘ಉತ್ತಮ ಓದುಗಾರ್ತಿ’ ಆಗಿ ಹೋಗುತ್ತಾಳೆ. ಅಲ್ಲಿಯ ಮಾಸ್ತರರು ಮೊದಲ ವಾರವೇ ಎಬ್ಬಿಸಿ ಓದು ಎನ್ನುತ್ತಾರೆ, ಅವರಿಗೆ ಕನ್ನಡ ಬರುತ್ತದೆ. ಎರಡನೆಯ ವಾರಕ್ಕೆ ಅವಳು ಕುರಿಯ ಹಿಂದೆ ಇರುತ್ತಾಳೆ.

ಹೆಡ್‌ಮಾಸ್ತರರಿಗೆ ಹೇಳಿದೆ. ಅವರು ಒಳ್ಳೆಯ ಮನುಷ್ಯ, ನಿವೃತ್ತಿಗೆ ಹತ್ತಿರ, ಯಾರ ಉಸಾಬರಿಯೂ ಬೇಡ ಎನ್ನುವ ಪೈಕಿ.

“ತಪ್ಪಂತ ಬರಕೊಟ್ರ ಒಬ್ಬ ಹುಡುಗಿದ್ದಽ ತಪ್ಪು ಅಂತಾರೇನ್ರಿ? ಎಲ್ಲಾ ಹುಡುಗೂರದ್ದೂ ತಗೀ ಅಂತಾರ. ಮೂವತ್ತು ವರ್ಷ ನೌಕರಿ ಮಾಡೇನಿ, ಒಂದು ನೋಟೀಸ್ ತಗೊಂಡಿಲ್ಲ.”

“ಹಂಗಾರ ನನ್ನ ಹೆಸರ್ಲೆ ಬರೀತೀನಿ ಸರ.”

“ನಿಮ್ಮ ಹೆಸರ್ಲೆ ಬರದ್ರೂ ಸಾಲಿ ನಂದಽ ಅದಲ್ಲ!”

ಎರಡು ವಾರ ಇದೇ ನಡೆಯಿತು. ಅವರು ಮಾತು ಬಿಟ್ಟರು. ನಾನು ಮರಾಠಿಯಲ್ಲಿ ಪತ್ರ ಬರೆದೆ, ಹರಿದೆ, ಮತ್ತೆ ಬರೆದೆ. ‘ಓದಿನ ಮೌಲ್ಯಮಾಪನದಲ್ಲಿ ಕೆಲವು ತಾಂತ್ರಿಕ ಕಾರಣಗಳಿಂದ’ ಎಂದೆಲ್ಲ ಸುತ್ತು ಬಳಸಿ ಬರೆದೆ. ನಿಜವನ್ನು ನೇರವಾಗಿ ಬರೆಯುವ ಧೈರ್ಯ ನನಗೂ ಇರಲಿಲ್ಲ. ಕೊನೆಗೆ ಅದಕ್ಕೆ ಹೆಡ್‌ಮಾಸ್ತರರೂ ಸಹಿ ಹಾಕಿದರು. ತಾಂತ್ರಿಕ ಎಂಬ ಶಬ್ದ ಅವರಿಗೆ ಹಿಡಿಸಿರಬೇಕು.

ಸಾಹೇಬರು ಬರುವ ಹಿಂದಿನ ದಿನ ಹುಡುಗಿಯನ್ನು ಕರೆದು ಹೇಳಿದೆ. ನಾಳೆ ಬೇರೆ ಪುಸ್ತಕ ಕೊಡುತ್ತಾರೆ, ಬಂದರೆ ಓದು, ಬಾರದಿದ್ದರೆ ಬರುವುದಿಲ್ಲ ಎನ್ನು. ಅಷ್ಟೇ. ಯಾರೂ ಬಯ್ಯುವುದಿಲ್ಲ.

“ಅಪ್ಪ ಬರ್ತಾನೇನ್ರಿ?” ಎಂದು ಕೇಳಿದಳು.

ಬರುತ್ತಾನೆ, ಅವನ ಸಹಿ ಬೇಕು ಎಂದೆ. ಅವಳು ತಲೆಯಾಡಿಸಿದಳು. ನಾನು ಅದನ್ನು ಒಪ್ಪಿಗೆಯೆಂದು ತಿಳಿದೆ. ಇಷ್ಟು ವರ್ಷ ಮಕ್ಕಳ ನಡುವೆ ಕಳೆದವಳಿಗೆ ಅಷ್ಟೂ ತಿಳಿಯಬಾರದೇ?

ಮರುದಿನ ಸಾಹೇಬರು ಬಂದರು, ಮೊದಲು ಮೇಜು ಕುಟ್ಟಿದ ಅದೇ ಸಾಹೇಬರು. ವಿಶೇಷ ಶಿಕ್ಷಕರು ಬಂದರು. ಅಪ್ಪ ಕುರಿಯ ಬೀಡಿನಿಂದ ನೇರ ಬಂದಿದ್ದ, ಹೆಗಲ ಮೇಲೆ ಕಂಬಳಿ. ಬೆಂಚಿನ ಮೇಲೆ ಕೂಡಿರೆಂದರೂ ಕೂಡದೆ ಗೋಡೆಗೆ ಒರಗಿ ನಿಂತ. ಮಗಳಿಗೆ ಏನೋ ಬಹುಮಾನ ಕೊಡುತ್ತಾರೆ ಎಂದು ತಿಳಿದಿದ್ದನೆಂದು ಆಮೇಲೆ ಗೊತ್ತಾಯಿತು. ಅಜ್ಜಿ ಅವನಿಗೆ ಮದುವೆಯ ಕಾರ್ಡಿನ ಸುದ್ದಿಯನ್ನೇ ಹೇಳಿರಲಿಲ್ಲ.

ವಿಶೇಷ ಶಿಕ್ಷಕರು ತಮ್ಮ ಚೀಲದಿಂದ ಒಂದು ಪುಸ್ತಕ ತೆಗೆದು, ಒಂದು ಪುಟ ತೆರೆದು ಕೊಟ್ಟರು. ಇರುವೆಗಳು ಗೂಡು ಕಟ್ಟುವ ಬಗ್ಗೆ ಏನೋ ಇತ್ತು. ಹುಡುಗಿ ಪುಸ್ತಕ ಹಿಡಿದು ನಿಂತಳು. ಅಪ್ಪನನ್ನು ನೋಡಿದಳು. ಬೆರಳು ಮೊದಲ ಸಾಲಿನ ಮೇಲಿಟ್ಟು ಓದತೊಡಗಿದಳು.

“ಒಂದು ಊರಿನಲ್ಲಿ ಒಬ್ಬ ಮುದುಕಿ ಇದ್ದಳು. ಅವಳಿಗೆ ಒಂದು ಬಿಳಿ ಕುರಿ ಇತ್ತು...”

ಒಮ್ಮೆಯೂ ತಡವರಿಸಲಿಲ್ಲ. ಕುರಿ ಕಳೆದುಹೋಯಿತು, ಮುದುಕಿ ಹಳ್ಳದ ದಂಡೆಗೆ ಹೋದಳು, ತೋಳವನ್ನು ಕೇಳಿದಳು, ತೋಳ ಸುಳ್ಳು ಹೇಳಿತು. ಪುಸ್ತಕದ ಕನ್ನಡ, ಪುಸ್ತಕದ ದನಿ. ಪುಟದ ಕೊನೆಗೆ ಸರಿಯಾಗಿ ಬೆರಳೂ ಕತೆಯೂ ಮುಗಿದವು. ಅಂಥ ಕತೆಯನ್ನು ನಿಂತ ನಿಲುವಿನಲ್ಲಿ ಕಟ್ಟುವುದು ನನ್ನಿಂದಲೂ ಆಗುತ್ತಿರಲಿಲ್ಲ. ಗೋಡೆಯ ಹತ್ತಿರ ಅಪ್ಪನ ಮುಖ ಅರಳಿತ್ತು. ಸಾಹೇಬರು “ಛಾನ್!” ಎಂದು ನನ್ನ ಕಡೆ ತಿರುಗಿ, ಮತ್ತೆ ಈ ಪತ್ರ ಯಾಕೆ ಬರೆದಿರಿ ಎಂದು ಮರಾಠಿಯಲ್ಲಿ ಕೇಳಿದರು. ಹೆಡ್‌ಮಾಸ್ತರರು ಸೂರು ನೋಡಿದರು. ವಿಶೇಷ ಶಿಕ್ಷಕರು ಬಾಯಿ ತೆರೆಯುವವರಿದ್ದರು, ತಡೆದು ನನ್ನನ್ನೇ ನೋಡಿದರು.

ಎದ್ದು ಹೋಗಿ ಅವಳ ಕೈಯಿಂದ ಪುಸ್ತಕ ಕಿತ್ತುಕೊಂಡೆ. ಹೌದು, ಕಿತ್ತುಕೊಂಡೆ.

“ಇದರಾಗ ಕುರಿ ಎಲ್ಲೈತಿ? ಮುದುಕಿ ಎಲ್ಲದಾಳ? ನಿನ್ನೆ ಏನ್ ಹೇಳಿದ್ದೆ ನಿನಗ? ಬರದಿದ್ರ ಬರೂದಿಲ್ಲ ಅನ್ನು ಅಂತ ಹೇಳಿದ್ದಿಲ್ಲ?”

ಅವಳು ನನ್ನನ್ನು ನೋಡಿದಳು. ಅಷ್ಟು ದಿನದಲ್ಲಿ ಮೊದಲ ಸಲ ಅವಳ ಕಣ್ಣು ತುಂಬಿತ್ತು.

“ಬಾಯಾರ, ನೀವಽ ಹೇಳಿದ್ರಲ್ರಿ. ಬಾಯಿಗೆ ಬಂದದ್ದ ಹೇಳಿ ಮುಂದ ಹೋಗು ಅಂತ. ಸಾಹೇಬ್ರಿಗೆ ಕನ್ನಡ ಬರೂದಿಲ್ಲ ಅಂತ.”

ಸಾಹೇಬರು “ಕಾಯ್ ಮ್ಹಣಾಲೀ ತೀ?” ಎಂದು ಕೇಳಿದರು, ಅವಳು ಏನೆಂದಳು ಎಂದು. ಹೆಡ್‌ಮಾಸ್ತರರು ತಕ್ಷಣ, ಹುಡುಗಿಗೆ ಹೆದರಿಕೆಯಾಗಿದೆ ಸಾಹೇಬ, ನೀರು ಬೇಕಂತೆ ಎಂದು ಮರಾಠಿಯಲ್ಲಿ ಹೇಳಿ ತಂಬಿಗೆಗೆ ಕೈ ಹಾಕಿದರು. ಆ ಕ್ಷಣ ನಾನು ಸುಮ್ಮನಿದ್ದಿದ್ದರೆ ಆಗಿಹೋಗುತ್ತಿತ್ತು. ನೀರು ಕುಡಿಸಿ, ಚಹಾ ಕುಡಿದು, ಎಲ್ಲರೂ ಮನೆಗೆ ಹೋಗುತ್ತಿದ್ದೆವು. ಆಸೆ ಆಗಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅವಳು ಇನ್ನೂ ನನ್ನನ್ನೇ ನೋಡುತ್ತಿದ್ದಳು. ಇವಳೂ ಸುಳ್ಳು ಹೇಳುತ್ತಾಳೋ ಎಂದು ಕಾಯುತ್ತಿದ್ದ ಹಾಗೆ ನನಗನಿಸಿತು.

ನೀರು ಬೇಡ ಸರ ಎಂದೆ. ಅವಳು ಹೇಳಿದ್ದನ್ನು ಒಂದೂ ಬಿಡದೆ ಮರಾಠಿಯಲ್ಲಿ ಹೇಳಿದೆ. ಇದನ್ನು ಅವಳಿಗೆ ಕಲಿಸಿದವಳು ನಾನೇ ಎಂದೆ. ಪತ್ರದಲ್ಲಿ ತಾಂತ್ರಿಕ ಕಾರಣ ಎಂದು ಬರೆದದ್ದು ಇದನ್ನೇ ಎಂದೆ. ನನ್ನ ಮರಾಠಿ ಅಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಸಾಹೇಬರ ಮುಖ ಕೆಂಪಾಯಿತು. ಅವರ ಸಿಟ್ಟು ಸುಳ್ಳಿನ ಮೇಲೋ, ಕನ್ನಡ ಬರುವುದಿಲ್ಲ ಎಂದದ್ದರ ಮೇಲೋ, ನನಗೆ ಇವತ್ತಿಗೂ ತಿಳಿದಿಲ್ಲ. ಅವರು ಪೆನ್ನು ತೆಗೆದು ವಿಶೇಷ ಶಿಕ್ಷಕರ ಕಡೆ ಕೈ ಚಾಚಿ, ಫಾರ್ಮು ಕೊಡಿ ಎಂದರು.

ಅಪ್ಪನಿಗೂ ಮರಾಠಿ ಬರುತ್ತದೆ. ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಅಂದ್ರ ಈಕಿ ಓದೂದಿಲ್ಲೇನ್ರಿ?”

“ಇನ್ನೂ ಇಲ್ಲ. ಓದತಾಳ.”

“ಯಾವಾಗ?”

ತಪ್ಪು ಅವಳದಲ್ಲ, ನನ್ನದು ಎಂದೆ. ಅದು ಅವನಿಗೆ ಬೇಕಾಗಿರಲಿಲ್ಲ. ಫಾರ್ಮಿನ ಮೇಲೆ ಸಹಿ ಮಾಡಿ, ಮಗಳ ಕಡೆ ನೋಡದೆ, ಪರೀಕ್ಷೆ ಮುಗಿಯೋ ತನಕ ನೋಡುತ್ತೇನೆ ಎಂದು ಹೇಳಿ ಹೋದ. ನನಗೆ ವಾರದೊಳಗೆ ನೋಟೀಸು ಬಂತು. ಎರಡು ಪುಟದ ವಿವರಣೆ ಬರೆದೆ. ಹೆಡ್‌ಮಾಸ್ತರರಿಗೂ ಒಂದು ಬಂತು. ಅವರು ಒಂದು ತಿಂಗಳು ನನ್ನ ಜೊತೆ ಚಹಾ ಕುಡಿಯಲಿಲ್ಲ.

ವಿಶೇಷ ಶಿಕ್ಷಕರು ಹೇಳಿದಂತೆ ವಾರಕ್ಕೊಮ್ಮೆ ಬಂದರು. ಬರಬೇಕಾದ ಎರಡು ವಾರ ಅವರ ಗಾಡಿ ಕೆಟ್ಟಿತು, ಮತ್ತೊಂದು ವಾರ ಅವರನ್ನು ಮತದಾರರ ಪಟ್ಟಿಯ ಕೆಲಸಕ್ಕೆ ಹಾಕಿದರು. ಉಳಿದ ದಿನ ನಾನೇ. ಹುಡುಗಿ ಮೊದಮೊದಲು ನನ್ನ ಜೊತೆ ಮಾತೇ ಆಡಲಿಲ್ಲ. ತಾಟು ಮುಂದಿಟ್ಟರೆ ಬರೆಯುವಳು, ಕಿಂಡಿಯ ರಟ್ಟು ಕೊಟ್ಟರೆ ನೋಡುವಳು. ಮೊದಲಿನ ಗಿಲಿಗಿಲಿ ದನಿ ಎಲ್ಲಿ ಹೋಯಿತೋ. ಒಂದು ಶಬ್ದಕ್ಕೆ ಎಷ್ಟು ಹೊತ್ತು! ಅಕ್ಷರ ಅಕ್ಷರ ಕೂಡಿಸಿ, ಅರ್ಧಕ್ಕೆ ಬಿಟ್ಟು, ಹಿಂದೆ ಹೋಗಿ, ಮತ್ತೆ ಬಂದು. ನಾನು ಶಬ್ದ ಹೇಳಿಕೊಡಬಾರದೆಂದು ನನ್ನ ಸೆರಗಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಕೂಡುತ್ತಿದ್ದೆ. ಊಹೆ ಮಾಡುವುದನ್ನು ಮಾತ್ರ ಅವಳು ಬಿಟ್ಟಿದ್ದಳು. ಬರದಿದ್ದರೆ ಬರುವುದಿಲ್ಲ ಎನ್ನುತ್ತಿದ್ದಳು.

ಪರೀಕ್ಷೆ ಮುಗಿಯಿತು. ಶಾಲೆ ಬಿಟ್ಟ ದಾಖಲೆ ಒಯ್ಯಲು ಅಪ್ಪ ಬಂದ. ಆ ದಾಖಲೆಯನ್ನು ಸಂಖದ ಶಾಲೆಗೆ ಕೊಡುತ್ತಾನೋ, ಟ್ರಂಕಿನಲ್ಲಿಡುತ್ತಾನೋ, ನನಗೆ ತಿಳಿದಿರಲಿಲ್ಲ. ಕೇಳಲು ಧೈರ್ಯವಿರಲಿಲ್ಲ. ಕುಂದ್ರಿ, ಮಗಳು ಓದುತ್ತಾಳೆ ಕೇಳಿ ಎಂದೆ. ಬಾಗಿಲಲ್ಲೇ ನಿಂತ. ಅವನ ಕೈಯಿಂದಲೇ ಪುಸ್ತಕದ ಒಂದು ಪುಟ ತೆರೆಸಿದೆ. ಹುಡುಗಿ ರಟ್ಟಿನ ಕಿಂಡಿ ಇಟ್ಟುಕೊಂಡು ಕೂತಳು.

ಒಂದು ಸಾಲು. ಆರು ಶಬ್ದ. ಹೊರಗೆ ಜೀಪಿನವನು ಹಾರ್ನು ಹೊಡೆದು ಹೊಡೆದು ಬೇಸತ್ತು ಹೋದ, ಅವಳು ನಾಲ್ಕನೆಯ ಶಬ್ದದಲ್ಲಿದ್ದಳು. ಹಣೆಯಲ್ಲಿ ಬೆವರು. ಒಂದು ಒತ್ತಕ್ಷರದ ಹತ್ತಿರ ನಿಂತಳು, ನನ್ನ ಮುಖ ನೋಡಲಿಲ್ಲ, ಬೆರಳಿನಿಂದ ತೊಡೆಯ ಮೇಲೆ ಬರೆದುಕೊಂಡಳು, ಓದಿದಳು. ಆರನೆಯ ಶಬ್ದವೂ ಮುಗಿಯಿತು. ಒಂದಕ್ಷರ ತಪ್ಪಿರಲಿಲ್ಲ. ಹೆಮ್ಮೆಯಿಂದ ಅಪ್ಪನ ಕಡೆ ತಿರುಗಿದೆ.

ಅವನ ಮುಖ ಬಾಡಿತ್ತು. “ಬಾಯಾರ, ಮೊದಲ ಇದಕ್ಕಿಂತ ಚಲೋ ಓದತಿದ್ಲಲ್ರಿ,” ಎಂದ.

ನನಗೆ ರೇಗಿಹೋಯಿತು. ಈ ಮನುಷ್ಯನಿಗೆ ಎಲ್ಲಿಂದ ಶುರುಮಾಡಿ ಹೇಳಲಿ ಎಂದು ಬಾಯಿ ತೆರೆಯುವಷ್ಟರಲ್ಲಿ, ಪುಸ್ತಕದಿಂದ ತಲೆಯೆತ್ತದೆ ಹುಡುಗಿ ಹೇಳಿದಳು:

“ಮೊದಲ ಓದತಿದ್ದಿಲ್ಲಪ್ಪ. ಬರೇ ಹೇಳತಿದ್ದೆ.”

ಅವನು ಕಂಬಳಿಯನ್ನು ಮೇಜಿನ ಮೇಲಿಟ್ಟು, ಮಗಳ ಬಳಿ ಬೆಂಚಿನ ಮೇಲೆ ಕುಳಿತು, “ಹಂಗಾರ ಇನ್ನೊಂದು ಸಾಲು ಓದು,” ಎಂದ.